ವೆಂಡೆಲ್ ಬರೆದ ಗೋರಿಕಲ್ಲು

ಅಕ್ಟೋಬರ್ ೯, ಗುರುವಾರ

ಗೆಳತಿ ಲೊರೇನ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಶಾಲೆಯ ಹ್ಯಾಲೋವೀನ್ ಮೇಳದ ದೆವ್ವ-ಭೂತದ ಅಲಂಕಾರಕ್ಕೆಂದು ಇವತ್ತು ಹಳೆಯ ಸಾಮಾನು ತೆಗೆದೆವು. ಅಂಗಳದ ಸುಳ್ಳು ಸ್ಮಶಾನಕ್ಕೆಂದು ಹೋದ ವರ್ಷ ಮಕ್ಕಳ ಅಪ್ಪಂದಿರು ತಮ್ಮದೇ ಹೆಸರು ಹಾಕಿ ತಮಾಷೆ ಬರೆದ ಥರ್ಮೋಕೋಲ್ ಗೋರಿಕಲ್ಲುಗಳೆಲ್ಲ ಸಿಕ್ಕಿದವು, ನನ್ನ ಗಂಡ ವೆಂಡೆಲ್‌ನದೊಂದು ಬಿಟ್ಟು. ಹುಡುಕಿದರೆ ಅದು ಲೊರೇನ್ ಕಾರಿನ ಡಿಕ್ಕಿಯಲ್ಲಿ, ಕಂಬಳಿಯ ಕೆಳಗೆ.

"ನಿನ್ ಕಣ್ಣಿಗೆ ಬೀಳ್ಬಾರ್ದು ಅಂತ ಬಚ್ಚಿಟ್ಟೆ ಕಣೇ."

"ಅವನು ಸತ್ತಿದ್ದು ನಂಗೊತ್ತಿಲ್ವಾ? ಮಾರ್ಚಿಂದ ಒಬ್ಳೇ ಮಲಗ್ತಿದೀನಿ!" ಎಲ್ಲರೆದುರೂ ಕೂಗಾಡಿದೆ. ಅವಳು ಅತ್ತಳು. ನನಗೆ ಅಳು ಬರಲಿಲ್ಲ.

ಮಗಳು ಜೋಸಿ ಕಂಬಳಿ ಸರಿಸಿ, ಅಪ್ಪನ ಸೊಟ್ಟ ಅಕ್ಷರಗಳನ್ನು ಗಟ್ಟಿಯಾಗಿ ಓದಿದಳು: "ವೆಂಡೆಲ್ ಮಲಗಿದ್ದಾನೆ. ಇವತ್ತು ಭಾನುವಾರ. ಎಬ್ಬಿಸಬೇಡಿ." ಓದಿ ನಕ್ಕೇಬಿಟ್ಟಳು.

"ಮುಂದಿನ ಸಾಲಲ್ಲೇ ಇಡೋಣಮ್ಮ. ನಗ್ಲಿ ಅಂತಾನೇ ಅಲ್ವಾ ಅಪ್ಪ ಬರ್ದಿದ್ದು?"

ಸಂಜೆ ಕಲ್ಲು ಕೆತ್ತುವವನ ಫೋನ್ ಮತ್ತೆ ಬಂತು. ನಿಜವಾದ ಗೋರಿಗೆ ಏಳು ತಿಂಗಳಾದರೂ ಕಲ್ಲಿಲ್ಲ. ಏನು ಬರೆಸಬೇಕೆಂದು ನನಗೆ ತೋಚಿಲ್ಲ. 'ಪ್ರೀತಿಯ ಪತಿ' ಎಂದು ಹಾಕಲೇ ಎಂದ. ಬೇಡವೆಂದೆ.

ನಾಳೆ ವೆಂಡೆಲ್‌ನ ಮಾತನ್ನೇ ಕೊಡುತ್ತೇನೆ, ಕೊನೆಯ ಪದವೊಂದನ್ನು ಬಿಟ್ಟು. ಎಬ್ಬಿಸಬೇಡಿ ಎಂದು ನನ್ನ ಕೈಯಾರೆ ಬರೆದುಕೊಡಲು ಆಗುವುದಿಲ್ಲ.