ಭಾಲ್ಕಿ ಮದುವೆಯಲ್ಲಿ ಕಿತ್ತ ವೈರು

ನೌಬಾದ, ಬೀದರ
6 ಮೇ 2016

ಜಹೀರಭಾಯಿ,

ಇಲ್ಲ, ಆ ವೈರನ್ನು ನಾನು ಸೊಕ್ಕಿನಿಂದ ಕಿತ್ತಿಲ್ಲ. ನೀವು ಗೋರಖನಾಥನ ಕೈಲಿ ಹೇಳಿಕಳಿಸಿದ ಮಾತು ಮುಟ್ಟಿತು. "ಮದುವಿ ಮನ್ಯಾಗ ಪಾರ್ಟಿ ಇಜ್ಜತ್ ತೆಗೆದ, ಈಗ ಮಾರಿ ತೋರ್ಸಲ್ದೆ ಕುಂತಾನ" ಅಂದಿರಂತೆ. ನಮ್ಮ ಹಾಡಿನ ಪಾರ್ಟಿಯ ಡೋಲಕ್ಕಿನವನಿಗೆ ಇಂಥ ಸುದ್ದಿ ಹೊರುವುದೆಂದರೆ ಹಬ್ಬ. ನಿಮ್ಮ ದನಿಯಲ್ಲೇ ಹೇಳಿ ತೋರಿಸಿದ. ಉತ್ತರ ತಡವಾಯಿತು, ಮಾಫ್ ಮಾಡಿ. ಟ್ಯಾಂಕರ್ ಕೆಲಸ ಬಿಡುವು ಕೊಡಲಿಲ್ಲ. ಜನವಾಡದ ಕಡೆ ಬಾವಿಗಳು ಒಣಗಿವೆ, ನಾವು ಹೋದೊಡನೆ ಜನ ಕೊಡ ಹಿಡಿದು ಪೈಪಿನ ಮೇಲೆ ಬೀಳುತ್ತಾರೆ. ನಿಮ್ಮ ಅಮ್ಮ ಮರಿಯಮಬೀ ಖಾಲಾ ಅವರ ಮೊಣಕಾಲು ಹೇಗಿದೆ? ನನ್ನ ಸಲಾಂ ಹೇಳಿ.

ನೀವು ಆ ಮಿಡಿ ವೈರು ತಂದ ದಿನ ನಾನೆಷ್ಟು ಕುಣಿದಿದ್ದೆ! ಅಲ್ಲಿಯವರೆಗೆ ಹಾಡು ಬದಲಾದಾಗಲೆಲ್ಲ ಗಿಟಾರಿನ ದನಿ ಬದಲಿಸಲು ಪೆಡಲಿನ ಗುಂಡಿ ಹುಡುಕುತ್ತ ಕಾಲಾಡಿಸುತ್ತಿದ್ದೆ. "ಏ ಮಚ್ಛೇಂದ್ರ, ಇರಿವಿ ತುಳೀಲಾಕತ್ತಿ ಏನು?" ಎಂದು ನಗುತ್ತಿದ್ದಿರಿ. ನಿಮ್ಮ ಕೀಬೋರ್ಡಿನಿಂದ ನನ್ನ ಪೆಡಲಿಗೆ ಆ ವೈರು ಜೋಡಿಸಿದಿರಿ. ನೀವು ಅಲ್ಲಿ ಹಾಡಿನ ನಂಬರ್ ಒತ್ತಿದರೆ ಇಲ್ಲಿ ಪೆಡಲು ತಾನೇ ಆ ಹಾಡಿನ ದನಿಗೆ ಹೊರಳುತ್ತಿತ್ತು. "ಇನ್ನ ನೀ ಬರೇ ಬಾರ್ಸು ಬೇಟಾ, ಬಾಕಿ ನಾ ನೋಡ್ಕೋತೇನಿ" ಅಂದಿರಿ.

ಮೊದಲ ಸಲ ಔರಾದಿನಲ್ಲಿ, ತೊಟ್ಟಿಲ ಕಾರ್ಯಕ್ರಮ. ಕೀಬೋರ್ಡು ಸೊನ್ನೆಯಿಂದ ಎಣಿಸುತ್ತದೆ, ಪೆಡಲು ಒಂದರಿಂದ ಎಣಿಸುತ್ತದೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಜೋಗುಳದ ಮೆತ್ತನೆ ದನಿಯ ಬದಲು ಅದರ ಪಕ್ಕದ ನಂಬರಿನಲ್ಲಿದ್ದ ಕುಣಿತದ ಹಾಡಿನ ಗರ್ಜನೆ ಬಂತು. ಕೂಸು ಕಿಟಾರನೆ ಚೀರಿತು. ಕೂಸಿನ ಅಜ್ಜಿ ಅಂಜನಾಬಾಯಿ, "ಯಪ್ಪಾ, ಆ ಗಿರಣಿ ಬಂದ್ ಮಾಡ್ರಿ!" ಎಂದಾಗ ಮೊದಲು ನಕ್ಕವರು ನೀವೇ.

ಆಮೇಲೆ ಈ ಬರ. ಕಾರ್ಯಕ್ರಮಗಳು ನಿಂತವು, ಪಾರ್ಟಿಯ ಅರ್ಧ ಜನ ಪುಣೆಗೆ ಹೋದರು. ಟ್ಯಾಂಕರಿನ ಪೈಪು ಎಳೆದು ಎಳೆದು ನನ್ನ ಬೆರಳು ದಪ್ಪವಾದವು. ಒಂದು ತಂತಿ ಒತ್ತಿದರೆ ಎರಡು ಸಿಗುತ್ತಿದ್ದವು. ನೀವು ನೋಡಿದಿರಿ.

ಭಾಲ್ಕಿಯ ಮದುವೆ ನಮ್ಮ ನೆಂಟರದೇ. ಎಕಂಬಾದಿಂದ ನನ್ನ ಅವ್ವ ಶಾಲುಬಾಯಿಯೂ ಬಂದಿದ್ದಳು. ಗಿಟಾರು ಒಂದೇ ನುಡಿಯುವ ಹಾಡು ಕೇಳಿ, ಉಂಡು, ಕೂಲಿಯ ಟೋಳಿಯ ಜೊತೆ ಹೈದರಾಬಾದಿನ ರೈಲಿಗೆ ಹೋದಳು. ಜನ ಅದೇ ಹಾಡು ಮತ್ತೆ ಬೇಕೆಂದರು. ನಮ್ಮ ಸ್ಪೀಕರುಗಳೆಲ್ಲ ಜನರ ಕಡೆ ಮುಖ ಮಾಡಿರುತ್ತವೆ. ಹಿಂದೆ ನಿಂತವನಿಗೆ ಅರೆಬರೆ ಕೇಳಿಸುತ್ತದೆ. ಕೇಳಿಸಿದ್ದು ನನ್ನದೇ ಅಂದುಕೊಂಡೇ ಬಾರಿಸುತ್ತಿದ್ದೆ. ಅಷ್ಟರಲ್ಲಿ ತಂತಿ ಕಡಿಯಿತು. ಕೈ ಎತ್ತಿದೆ.

ಗಿಟಾರು ನಿಲ್ಲಲಿಲ್ಲ, ಜಹೀರಭಾಯಿ. ನನ್ನ ಕೈ ಗಾಳಿಯಲ್ಲಿತ್ತು, ಹಾಡು ಸೊಗಸಾಗಿ ಮುಂದೆ ಹೋಯಿತು.

ಕೆಳಗೆ ನೋಡಿದೆ. ಪೆಡಲಿನಲ್ಲಿ ನಾವು ಯಾವ ಹಾಡಿಗೂ ಇಟ್ಟಿರದ ನಂಬರು. ನೀವು ವೈರಿನಿಂದ ಕಳಿಸಿದ್ದು, ಅದರಲ್ಲಿ ನನ್ನ ಗಿಟಾರಿನ ವಾಲ್ಯೂಮು ಸೊನ್ನೆ. ನಿಮ್ಮ ಕಡೆ ನೋಡಿದೆ. ನಿಮ್ಮ ಬಲಗೈ ಕೀಬೋರ್ಡಿನಲ್ಲಿ ನನ್ನ ಗಿಟಾರು ನುಡಿಸುತ್ತಿತ್ತು. ಆಗ ವೈರು ಕಿತ್ತೆ, ಕಾಲಿಗೆ ಸಿಕ್ಕ ಗುಂಡಿ ಒದ್ದೆ, ಔರಾದಿನ ಅದೇ ಗಿರಣಿ ಮದುವೆಮನೆಯ ತುಂಬ ಹೊಡಕೊಂಡಿತು.

ಪೆಂಡಾಲಿನ ಹಿಂದೆ ನೀವು ಹೇಳಿದ್ದು ಮರೆತಿಲ್ಲ. "ನಿನ್ನ ಬೆರಳು ಬಿಗಿದಾವ ಬೇಟಾ. ನಾಕ ಮಂದ್ಯಾಗ ನಿನ್ನ ಇಜ್ಜತ್ ಉಳೀಲಿ ಅಂತ ಎರಡೂ ಸಲ ನಾನೇ ಬಾರ್ಸಿದೆ."

"ಮತ್ತ ನನಗ್ಯಾಕ ಹೇಳ್ಲಿಲ್ರಿ?"

"ಹೇಳಿದ್ರ ಗಿಟಾರ ಕೆಳಗಿಟ್ಟು ಹೋಗ್ತಿದ್ದಿ."

ಖರೆ, ಹೋಗುತ್ತಿದ್ದೆ. ಆದರೆ ಕೆಳಗಿಡುವುದಾದರೂ ನನ್ನ ಕೈಲಿ ಇರಬೇಕಿತ್ತು. ಗಿಟಾರು ಹಿಡಿಯಲು ಕಲಿಸಿದವರು ನೀವು. ಗಿಟಾರು ಹಿಡಿದ ಗೊಂಬೆ ಮಾಡಿದವರೂ ನೀವೇ.

ಪೆಡಲು ಪಾರ್ಟಿಯದು, ಇಲ್ಲೇ ನಮ್ಮ ತಾಲೀಮಿನ ಕೋಣೆಯಲ್ಲಿ ಇಟ್ಟಿದ್ದೇನೆ. ವೈರು ಸುತ್ತಿ ಕೀಬೋರ್ಡಿನ ಮೇಲಿಟ್ಟಿದ್ದೇನೆ. ಬೇರೆ ಹುಡುಗ ಬರುತ್ತಾನೆ. ಅವನ ದನಿ ಬಂದ್ ಮಾಡುವ ಹೊತ್ತು ಬಂದರೆ ಅವನಿಗೊಂದು ಮಾತು ಹೇಳಿ. ನಿಮ್ಮ ಮನೆಯಲ್ಲಿ ಎಲ್ಲರೂ ತಂಪಾಗಿರಲಿ, ಈ ಸಲವಾದರೂ ಮಳೆ ಬರಲಿ.

ನಿಮ್ಮ
ಮಚ್ಛೇಂದ್ರ

ತಾ.ಕ.: ನಿನ್ನೆ ಅವ್ವ ಹೈದರಾಬಾದಿನಿಂದ ಫೋನ್ ಮಾಡಿದ್ದಳು. ಮದುವೆ ಸುಗ್ಗಿಯಲ್ಲಿ ಆಕೆ ಯಾವಾಗಲೂ ಕೂಲಿಯ ಮೇಲೆ ಪರವೂರಲ್ಲಿ ಇರುತ್ತಿದ್ದಳು, ನಿಮಗೆ ಗೊತ್ತು. ನನ್ನ ಗಿಟಾರು ಕೇಳಲು ಬಂದದ್ದು ಭಾಲ್ಕಿಗೆ ಮಾತ್ರ. "ಮಚ್ಛು, ನೀ ಬಾರ್ಸಿದ್ದು ಇನ್ನಾ ಕಿವ್ಯಾಗೇ ಅದ ನೋಡು. ಇಲ್ಲಿ ಹೆಣ್ಮಕ್ಕಳಿಗೆಲ್ಲ ಹೇಳೀನಿ, ನನ್ನ ಮಗ ಹ್ಯಾಂಗ ಬಾರಸ್ತಾನಂತ. ಒಮ್ಮಿ ಫೋನಿನ್ಯಾಗ ಬಾರ್ಸು, ಇವರೂ ಕೇಳ್ಲಿ" ಅಂದಳು. ಆಕೆಯ ಹಿಂದೆ ಯಾರೋ "ಸುಮ್ಮನಿರ್ರೇ" ಎಂದು ಉಳಿದವರನ್ನು ಸುಮ್ಮನಾಗಿಸುತ್ತಿದ್ದರು.

"ತಂತಿ ಕಡದದವ್ವ" ಅಂದೆ.

ಆಕೆಯ ಕಿವಿಯಲ್ಲಿರುವುದು ನಿಮ್ಮ ಬೆರಳು, ಜಹೀರಭಾಯಿ. ಅದನ್ನು ನಾನು ಹೇಗೆ ಕಿತ್ತೇನು? ಕೋಣೆಯ ಬೀಗದ ಕೈ ಗೋರಖನಾಥನಿಗೆ ಕೊಟ್ಟಿರುತ್ತೇನೆ. ಗಿಟಾರು ಗೋಡೆಗೇ ಇರಲಿ. ಬಾಗಿಲು ಹಾಕಿಕೊಂಡು ಹೊರಟೆ.