ತೋಳಿನ ಅಳತೆ

ಸೆಪ್ಟೆಂಬರ್ ೧೧, ಗುರುವಾರ
ಮಧ್ಯಾಹ್ನ, ಅಂಗಡಿಯಿಂದ

ಅಮ್ಮನ ಗುಂಡಿಗೆ,

ಹೀಗೆ ಬರೆದು ಓದಿ ನೋಡಿದರೆ ಮಗಳಿಗೆ ಬರೆದಿದ್ದೇನೋ, ನನ್ನ ಎದೆಗೇ ಬರೆದುಕೊಂಡಿದ್ದೇನೋ ತಿಳಿಯುವುದಿಲ್ಲ. ಹುಟ್ಟಿದಾಗ ಅಂಗಿಯ ಗುಂಡಿಯ ಹಾಗೆ ದುಂಡಗಿದ್ದೆ ಎಂದು ಕರೆದ ಹೆಸರು, ಹದಿನೇಳು ತುಂಬಿದರೂ ಬಿಟ್ಟುಹೋಗಲಿಲ್ಲ. ಹಾಸ್ಟೆಲಿನಲ್ಲಿ ಯಾರಿಗೂ ಹೇಳಬೇಡ ಎಂದಿದ್ದೀಯ. ಲಕೋಟೆಯ ಮೇಲೆ ನಿನ್ನ ಪೂರ್ತಿ ಹೆಸರನ್ನೇ ಬರೆಯುತ್ತೇನೆ, ಹೆದರಬೇಡ.

ಫೋನು ಇರುವಾಗ ಈ ಅಮ್ಮನಿಗೇನು ಬಂತು, ಕಾಗದ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀಯ. ಫೋನಿಗೆ ನಾನು ಕಳಿಸಿದ್ದನ್ನು ನಿನ್ನ ಸ್ನೇಹಿತನೂ ಓದುತ್ತಾನೆ. ಕಳೆದ ತಿಂಗಳು ಮನೆಗೆ ಬಂದಾಗ ನೀನೇ ನಗುತ್ತಾ ಹೇಳಿದೆ, ನಿನ್ನ ಫೋನಿನ ಲಾಕು ಅವನಿಗೂ ಗೊತ್ತು, ನಿಮ್ಮಿಬ್ಬರ ಮಧ್ಯೆ ಮುಚ್ಚುಮರೆ ಇಲ್ಲ ಎಂದು. ಅವನ ಫೋನಿನ ಲಾಕು ನಿನಗೆ ಗೊತ್ತೇ ಎಂದು ಕೇಳಿದ್ದಕ್ಕೆ ಮಾತು ಬದಲಿಸಿದೆ. ಅದಕ್ಕೇ ಇದನ್ನು ವಾರ್ಡನ್ ಮೇಡಂ ಕೈಗೆ ಕಳಿಸುತ್ತಿದ್ದೇನೆ. ಒಳಗೇನಿದೆ ಎಂದು ಅವರಿಗೆ ಹೇಳಿಲ್ಲ.

ಸುಸ್ತಾಗಿದೆ, ಗುಂಡಿ. ಶಾಲೆಯ ಸಮವಸ್ತ್ರಗಳು ಮೇಜಿನ ಮೇಲೆ ಕುತ್ತಿಗೆಯವರೆಗೆ ಬಂದಿವೆ. ಸೊಂಟ ನನ್ನ ಮಾತು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಅಂಗಡಿಯ ಬಾಗಿಲು ಅರ್ಧ ಎಳೆದು ಕುಳಿತಿದ್ದೇನೆ. ಗಿರಾಕಿಗಳು ಬಗ್ಗಿ ನೋಡಿ, ಊಟದ ಹೊತ್ತೇನೋ ಎಂದುಕೊಂಡು ಹೋಗುತ್ತಿದ್ದಾರೆ. ನಾಲ್ಕು ದಿನದಿಂದ ಮನಸ್ಸಿನಲ್ಲೇ ಬರೆದು ಅಳಿಸಿದ್ದನ್ನು ಇವತ್ತು ಬರೆದುಬಿಡುತ್ತೇನೆ.

ಆಗಸ್ಟ್ ಮೊದಲ ವಾರ ಒಬ್ಬ ಹುಡುಗಿ ಬಂದಳು. ಹಿಂದಿನ ರಸ್ತೆಯ ಶಾಲೆಯವಳು, ಹತ್ತನೇ ತರಗತಿ. ಅರ್ಧ ತೋಳಿನ ಅಂಗಿಗೆ ಬಟ್ಟೆ ಸೇರಿಸಿ ತೋಳು ಉದ್ದ ಮಾಡಿಕೊಡಿ ಎಂದಳು. ಎಲ್ಲರೂ ತೋಳು ಗಿಡ್ಡ ಮಾಡಿಸಿಕೊಳ್ಳುವಾಗ ಇವಳದ್ದೇನು ಎಂದು ಅನ್ನಿಸಿತು. ಟೇಪು ತೆಗೆದು ಅವಳ ಕೈ ಹಿಡಿದದ್ದೇ ತಡ, ಬಿಸಿ ತಗುಲಿದವಳ ಹಾಗೆ ಹಿಂದೆ ಸರಿದಳು. ಭುಜದ ಕೆಳಗೆ ನಾಲ್ಕು ಬೆರಳಿನ ಗುರುತು, ಒಳಮಗ್ಗುಲಿಗೆ ಹೆಬ್ಬೆರಳಿನದು. ನೀಲಿ ಹೋಗಿ ಹಳದಿಗೆ ತಿರುಗುತ್ತಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು. ಆಗ ನಾನು ಕೇಳಿದ್ದೇನು ಗೊತ್ತೇ? ಎಷ್ಟು ಇಂಚು ಬೇಕು ಎಂದು. ಯಾರು ಎಂದು ಕೇಳಲಿಲ್ಲ. ಹದಿನೈದು ವರ್ಷದಿಂದ ಬಾಯಿಗೆ ಅಂಟಿಕೊಂಡ ಪ್ರಶ್ನೆ ಅದೊಂದೇ. ಮೊಣಕೈ ಮುಚ್ಚಿದರೆ ಸಾಕು ಎಂದಳು. ಜೋಡಿಸಿದ್ದು ಕಣ್ಣಿಗೆ ಬೀಳದ ಹಾಗೆ ಹೊಲಿದುಕೊಟ್ಟೆ, ಹಾಗೆ ಹೊಲಿದೆ ಎಂದು ಹೆಮ್ಮೆಯನ್ನೂ ಪಟ್ಟೆ.

ಕಳೆದ ಭಾನುವಾರ ಅದೇ ಅಂಗಿ ಹಿಡಿದು ಅವಳ ತಾಯಿ ಬಂದರು. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವರು. ಎಡಗಡೆ ಭುಜದಿಂದ ಕೆಳಗಿನವರೆಗೆ ಹೊಲಿಗೆ ಬಿಚ್ಚಿ ಗುಂಡಿ ಹಾಕಿಕೊಡಬೇಕಂತೆ. ಮಗಳ ಕೈ ಪ್ಲಾಸ್ಟರಿನಲ್ಲಿದೆ, ತೋಳಿನೊಳಗೆ ತೂರುವುದಿಲ್ಲ. ಮೆಟ್ಟಿಲ ಮೇಲೆ ಜಾರಿ ಬಿದ್ದಳು ಎಂದರು. ಆಗ ನಾನು ಕತ್ತರಿ ಕೆಳಗಿಟ್ಟು, ಅವಳ ತೋಳಿನಲ್ಲಿ ಕಂಡದ್ದನ್ನು ಹೇಳಿದೆ. ಆಕೆ ಸ್ಟೂಲಿನ ಮೇಲೆ ಕುಸಿದು ಕುಳಿತರು. ಬೈಯಲಿಲ್ಲ, ಅಳಲೂ ಇಲ್ಲ. ‘ಆವತ್ತೇ ಒಂದ್ ಮಾತು ಹೇಳ್ಬಾರ್ದಿತ್ತಾ ಅಕ್ಕಾ’ ಎಂದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅಕ್ಕಾ ಎಂದದ್ದನ್ನು ಇವತ್ತಿಗೂ ಸಹಿಸಲಾಗುತ್ತಿಲ್ಲ.

ಅವತ್ತೇ ಮಗಳ ಬಾಯಿ ಬಿಡಿಸಿದ್ದಾರೆ. ಅವಳ ಸ್ನೇಹಿತನೇ, ಅವಳಿಗಿಂತ ಒಂದು ವರ್ಷ ದೊಡ್ಡ ಹುಡುಗ, ಎಲ್ಲರಿಗೂ ಬೇಕಾದವನು. ಈಗ ವಿಷಯ ಮುಖ್ಯೋಪಾಧ್ಯಾಯಿನಿಗೂ ಹೋಗಿದೆ, ಅವನ ಮನೆಯವರಿಗೂ ಗೊತ್ತಾಗಿದೆ. ಮರುದಿನ ಅಂಗಿ ಒಯ್ಯಲು ಬಂದಾಗ ಆಕೆಯೇ ಹೇಳಿದರು. ಮೊದಲು ಇಂಥವರ ಜೊತೆ ಸೇರಬೇಡ ಎನ್ನುತ್ತಿದ್ದನಂತೆ. ಆಮೇಲೆ ಎಲ್ಲಿದ್ದೀಯ, ಪಕ್ಕದಲ್ಲಿ ಯಾರಿದ್ದಾರೆ, ಫೋಟೋ ಕಳಿಸು. ಕೈ ಮಾಡಿದ್ದು ಎಲ್ಲದಕ್ಕಿಂತ ಕೊನೆಗೆ. ಫೋಟೋ ಎಂದದ್ದು ಕಿವಿಗೆ ಬಿದ್ದಾಗ ಮಶೀನಿನ ಮೇಲಿದ್ದ ನನ್ನ ಕೈ ನಿಂತೇಹೋಯಿತು.

ನೆನಪಿದೆಯಾ, ನೀನು ಬಂದಿದ್ದಾಗ ಊಟಕ್ಕೆ ಕುಳಿತ ಅರ್ಧ ಗಂಟೆಯಲ್ಲಿ ಫೋನು ಒಂಬತ್ತು ಸಲ ಬಡಿದುಕೊಂಡಿತು. ನೀನು ಎದ್ದು ನನ್ನ, ತಟ್ಟೆಯ, ಹಿಂದಿನ ಗೋಡೆಯ ಫೋಟೋ ತೆಗೆದು ಕಳಿಸಿದೆ. ಎಂಜಲು ಕೈಯಲ್ಲಿ ಪೆದ್ದಿಯ ಹಾಗೆ ನಕ್ಕುಕೊಂಡು ಕುಳಿತಿದ್ದೆ ನಾನು. ಸಾಲದ್ದಕ್ಕೆ, ಪರವಾಗಿಲ್ಲ, ಹುಡುಗನಿಗೆ ಎಷ್ಟು ಕಾಳಜಿ ಎಂದೆ. ನಿನ್ನ ಮುಖ ಅರಳಿತು. ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ, ಗುಂಡಿ. ಅದು ಕಾಳಜಿಯಲ್ಲ, ಕಾವಲು.

ನನಗೂ ಅವನು ಹಿಡಿಸಿದ್ದ, ಸುಳ್ಳೇಕೆ ಹೇಳಲಿ. ಒಂದು ಸಲ ನಿನ್ನ ಜೊತೆ ಬಂದವನು ನನ್ನ ಕಣ್ಣಿನ ಅವಸ್ಥೆ ನೋಡಿ ಆರು ಸೂಜಿಗೆ ದಾರ ಪೋಣಿಸಿಟ್ಟು ಹೋದ. ವಾರವಿಡೀ ಅವನನ್ನು ಹೊಗಳಿಕೊಂಡು ಹೊಲಿದೆ. ಸೂಜಿಗೆ ದಾರ ಪೋಣಿಸಿದವನು ಕೈ ಎತ್ತುವುದಿಲ್ಲ ಎಂದು ಯಾರು ಬರೆದುಕೊಟ್ಟಿದ್ದಾರೆ? ನೀನು ವಾಲಿಬಾಲ್ ಬಿಟ್ಟೆ, ಓದು ಜಾಸ್ತಿ ಎಂದೆ. ನಿನ್ನ ಕೋಣೆಯ ಚಷ್ಮಾದವಳ ಸುದ್ದಿ ಹೇಳದೆ ನಿನಗೆ ಊಟ ಸೇರುತ್ತಿರಲಿಲ್ಲ, ಈ ಸಲ ಅವಳ ಹೆಸರೇ ಎತ್ತಲಿಲ್ಲ. ಎಲ್ಲ ಕಣ್ಣೆದುರೇ ಇತ್ತು. ಬೇರೆಯವರ ಮಗಳಿಗೆ ಇಂಚು ಕೇಳಿದವಳು ನನ್ನ ಮಗಳಿಗೆ ಅದನ್ನೂ ಕೇಳಲಿಲ್ಲ.

ಈಗ ಕೇಳುತ್ತೇನೆ. ಅವನು ನಿನ್ನ ಮೇಲೆ ಕೈ ಮಾಡಿದ್ದಾನೆಯೇ? ಅವನಿಗೆ ಸಿಟ್ಟು ಬಂದಾಗ ನಿನಗೆ ಹೆದರಿಕೆಯಾಗುತ್ತದೆಯೇ?

ಏನೇ ಉತ್ತರವಿರಲಿ, ನಿನ್ನ ಓದು ಬಿಡಿಸುವುದಿಲ್ಲ, ಫೋನು ಕಿತ್ತುಕೊಳ್ಳುವುದಿಲ್ಲ, ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳುವುದೂ ಇಲ್ಲ. ಅವನನ್ನು ಬಿಡು ಎಂದು ನಾನು ಕೂಗಾಡಿದರೆ ನೀನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತೀಯ, ಆ ಹಟ ಎಲ್ಲಿಂದ ಬಂತೆಂದು ನನಗೆ ಗೊತ್ತು. ಆದರೆ ಸಾಕು ಎಂದು ನಿನಗೇ ಅನ್ನಿಸಿ ಅದನ್ನು ಅವನಿಗೆ ಹೇಳುವ ದಿನ ಬಂದರೆ, ಒಬ್ಬಳೇ ಹೋಗಿ ಹೇಳಬೇಡ. ನಾಲ್ಕು ಜನ ಇರುವ ಕಡೆ, ಚಷ್ಮಾದವಳನ್ನು ಜೊತೆಗಿಟ್ಟುಕೊಂಡು ಹೇಳು. ಅವಳು ನಿನ್ನ ಮೇಲೆ ಮುನಿಸಿಕೊಂಡಿದ್ದರೂ ಬರುತ್ತಾಳೆ, ನಾನು ಬಲ್ಲೆ ಅವಳನ್ನು.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಹಾಸ್ಟೆಲಿನ ಮುಂದಿನ ಕೋಣೆಯಲ್ಲಿ ಕುಳಿತಿರುತ್ತೇನೆ. ಮಾತಾಡಬೇಕೆನ್ನಿಸಿದರೆ ಮಾತಾಡು, ಇಲ್ಲವಾದರೆ ನಿನ್ನ ತಲೆ ಬಾಚಿ ವಾಪಸ್ ಬರುತ್ತೇನೆ. ಮುಂದಿನ ಭಾನುವಾರವೂ ಬರುತ್ತೇನೆ.

ಆವತ್ತು ನಿನ್ನನ್ನು ಕಳಿಸಲು ಬಂದಾಗ ಬಸ್ ನಿಲ್ದಾಣದಲ್ಲಿ ನೀನು ಮೆಲ್ಲಗೆ ಕೇಳಿದ್ದು ಕಿವಿಯಲ್ಲೇ ಇದೆ. ‘ಅವ್ನು ಹೇಳಿದ್ ಮಾತು ನಾನು ಕೇಳ್ದಿದ್ರೆ ಎರಡ್ ದಿನ ಮಾತೇ ಆಡಲ್ಲ ಅಮ್ಮ. ಅಪ್ಪ ಬಿಟ್ಟೋದ್ ಹಾಗೆ ಇವ್ನೂ ಬಿಟ್ಟೋದ್ರೆ?’ ಎಂದೆ. ನಾನು ಬಸ್ಸು ಬಂತು ನೋಡು ಎಂದೆ. ಬಸ್ಸು ಇನ್ನೂ ತಿರುವಿನಲ್ಲೂ ಇರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು,
ಕೇಳಬೇಕಾದದ್ದನ್ನು ತಡವಾಗಿ ಕೇಳುವ
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನಿನ್ನ ಅಪ್ಪ ನಮ್ಮನ್ನು ಬಿಟ್ಟು ಹೋಗಲಿಲ್ಲ. ನಾನೇ ಅವರನ್ನು ಬಿಟ್ಟು ಬಂದೆ. ಅವರೂ ಮೊದಮೊದಲು ಎಲ್ಲಿದ್ದೀಯ ಎಂದಷ್ಟೇ ಕೇಳುತ್ತಿದ್ದರು. ನಿನಗೆ ಎರಡು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ, ಅವರು ಕೆಲಸಕ್ಕೆ ಹೋದ ಮೇಲೆ, ನಿನ್ನನ್ನು ಎತ್ತಿಕೊಂಡು ಹೊರಟುಬಿಟ್ಟೆ. ಗಂಡ ಬಿಟ್ಟವಳು ಎಂದರೆ ಜನ ಅಯ್ಯೋ ಎಂದು ಮನೆ ಬಾಡಿಗೆಗೆ ಕೊಡುತ್ತಿದ್ದರು, ಗಂಡನನ್ನು ಬಿಟ್ಟವಳು ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಜನರಿಗೆ ಹೇಳಿದ ಸುಳ್ಳನ್ನೇ ನಿನಗೂ ಹೇಳಿಕೊಂಡು ಬಂದೆ, ನೀನು ಅದನ್ನೇ ನಂಬಿ ಹೆದರುತ್ತಾ ಬೆಳೆದೆ. ತಪ್ಪು ನನ್ನದು. ನಿನ್ನನ್ನು ಯಾರೂ ಬಿಟ್ಟು ಹೋಗಿಲ್ಲ, ಗುಂಡಿ.