ಪಂಚಮಿಗೆ ನಮ್ಮ ಪಿಚರ್ ತವರಿಗೆ ಬರಬೇಕು

ಮಾನ್ಯ ಆಟಗಾರರ ವರ್ಗಾವಣೆ ಅಧಿಕಾರಿಗಳೇ,

ನಮ್ಮ ಕಾವ್ಯಾಳನ್ನು ನಾಗರ ಪಂಚಮಿಯ ನಾಲ್ಕು ದಿನ ನಮ್ಮ ಬೇಸ್‌ಬಾಲ್ ತಂಡದಿಂದ ಆಡಲು ಬಿಡುವುದಿಲ್ಲವೆಂದು ನೀವು ಬರೆದ ಇಂಗ್ಲಿಷ್ ಟಿಪ್ಪಣಿ ತಲುಪಿತು. ಮೊದಲ ಸಲ ಓದಿದಾಗ ಸಿಟ್ಟು ಬಂತು. ಎರಡನೆಯ ಸಲ ನಗು ಬಂತು. ಮೂರನೆಯ ಸಲ ಮೈದಾನದಲ್ಲಿ ಹುಡುಗಿಯರ ಮುಂದೆ ಕನ್ನಡ ಮಾಡಿ ಗಟ್ಟಿಯಾಗಿ ಓದಿದೆ, ಅವತ್ತಿನ ಅಭ್ಯಾಸ ಅಲ್ಲಿಗೇ ಮುಗಿಯಿತು. "ತವರು ಎಂಬ ಘಟಕವು ಲೀಗಿನಲ್ಲಿ ನೋಂದಾಯಿತವಾಗಿರುವುದಿಲ್ಲ." ಆಹಾಹಾ! ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ದುಡಿದು ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು ನಾನು. ಇಂಥದೊಂದು ವಾಕ್ಯ ನನ್ನ ಕೈಯಿಂದ ಒಂದು ದಿನವೂ ಹುಟ್ಟಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಆ ಟಿಪ್ಪಣಿ ಬಂದ ಮೇಲೆ ನಿಮಗೆ ತೆಲುಗಿನಲ್ಲಿ ಎರಡು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಬರೆದೆ. ಉತ್ತರವಿಲ್ಲ. ಆಮೇಲೆ ಒಂದು ದಿನ ನಿಮ್ಮ ಕೋಣೆಯ ಹೊರಗೆ ಕಾಯುತ್ತಿದ್ದಾಗ ಒಳಗಿನಿಂದ ನೀವು ಫೋನಿನಲ್ಲಿ "ಜ್ವಾಳದ ಹಿಟ್ಟು ಈ ಸಲ ಭಾಳ ಉರುಟು ಐತ್ರಿ" ಎಂದದ್ದು ಕಿವಿಗೆ ಬಿತ್ತು. ನಮ್ಮ ಕಡೆಯವರೇ! ಹಾಗಾಗಿ ಈ ಪತ್ರ ಕನ್ನಡದಲ್ಲಿ, ಅದೂ ನೀವು ತಪ್ಪದೆ ತರಿಸುವ, ಈ ತೆಲುಗು ನಾಡಿನ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ.

ಉಳಿದ ಓದುಗರಿಗೂ ಸಂಗತಿ ತಿಳಿಯಲಿ. ತಾರ್ನಾಕದಲ್ಲಿ ನಮ್ಮದೊಂದು ಮಹಿಳಾ ಬೇಸ್‌ಬಾಲ್ ತಂಡವಿದೆ, ನಾನು ಅದರ ಮ್ಯಾನೇಜರು. ಕ್ರಿಕೆಟ್ ಬಿಟ್ಟು ಇದೇಕೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ಆ ಬ್ಯಾಟು ಚಪ್ಪಟೆ, ಈ ಬ್ಯಾಟು ದುಂಡಗೆ, ನಾನೂ ದುಂಡಗೆ. ನಮ್ಮ ಲೀಗು ಚಳಿಗಾಲದಲ್ಲಿ ನಡೆಯುತ್ತದೆ. ಬೇಸಿಗೆಯಿಂದ ಶ್ರಾವಣದವರೆಗಿನ ಬಿಡುವಿನಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಳಿಸಬೇಕು, ಯಾರನ್ನು ತರಬೇಕು ಎಂದು ಲೆಕ್ಕ ಹಾಕುವುದೇ ನನ್ನ ಪರಮಸುಖ. ಈ ವರ್ಷ ನಮ್ಮ ಕೈಯಲ್ಲಿದ್ದದ್ದು ನಲವತ್ತು ಸಾವಿರ. ಅದರಲ್ಲಿ ಅರ್ಧ ಮೈದಾನದ ಬಾಡಿಗೆಗೇ ಹೋಗುತ್ತದೆ. ಪಂಚಮಿಯ ನಾಲ್ಕು ದಿನ ನಡೆಯುವ ಶ್ರಾವಣ ಕಪ್ ಗೆದ್ದವರಿಗೆ ಮಾತ್ರ ವರ್ಷವಿಡೀ ಮೈದಾನ ಪುಕ್ಕಟೆ. ಚಳಿಗಾಲಕ್ಕೆ ಬಾಡಿಗೆ ಇನ್ನೂ ಏರುತ್ತದಂತೆ, ಅಷ್ಟು ದುಡ್ಡು ನಮ್ಮಲ್ಲಿಲ್ಲ, ಕಪ್ ಗೆಲ್ಲದಿದ್ದರೆ ನಮ್ಮ ತಂಡವೇ ಇರುವುದಿಲ್ಲ. ಇದನ್ನು ನಗುತ್ತಾ ಹೇಳುತ್ತಿದ್ದೇನೆ, ಆದರೆ ನಿಜ.

ನಮ್ಮ ಪಿಚರ್, ಅಂದರೆ ಚೆಂಡು ಎಸೆಯುವವಳು, ಕಾವ್ಯಾ. ನಾಚಾರಂನಲ್ಲಿ ಮಸಾಲೆ ಪುಡಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿದ್ದಾಳೆ. ಎಸೆಯಲು ನಿಂತಳೆಂದರೆ ನೋಡುವ ನಮಗೇ ಕಣ್ಣು ಮುಚ್ಚುವಂತಾಗುತ್ತದೆ. ಆ ಚೆಂಡನ್ನು ಹಿಡಿಯುತ್ತಿದ್ದ ನಮ್ಮ ಕ್ಯಾಚರ್ ಅಮಿತಾ ಬ್ಯಾಂಕಿನ ನೌಕರಿ ಸಿಕ್ಕಿತೆಂದು ಬೇರೆ ಊರಿಗೆ ಹೋದಳು. ಹೋಗುವಾಗ ಕೈಬೆರಳು ಹತ್ತೂ ಇವೆಯೇ ಎಂದು ಎಣಿಸಿಕೊಂಡೇ ಹೋದಳು. ಎಸೆಯುವವಳಿದ್ದಾಳೆ, ಹಿಡಿಯುವವಳಿಲ್ಲ. ಹೊಸ ಕ್ಯಾಚರನ್ನು ತರೋಣವೆಂದರೆ ಅವಳ ಮುಖಕವಚ, ಎದೆಕವಚ, ಮೊಣಕಾಲುಪಟ್ಟಿಗೇ ನಮ್ಮ ಉಳಿದ ದುಡ್ಡೆಲ್ಲ ಖಾಲಿ. ಅತ್ತ ಹಿಮಾಯತ್‌ನಗರದ ತಂಡದಲ್ಲಿ ಇಬ್ಬರು ಕ್ಯಾಚರುಗಳಿದ್ದಾರೆ, ಹೇಳಿಕೊಳ್ಳುವಂಥ ಪಿಚರ್ ಇಲ್ಲ. ಆ ತಂಡದ ಯಜಮಾನ ಮಿಲಿಂದನಿಗೆ ಸೀರೆ ಅಂಗಡಿ ಇದೆ, ಆಡುವವರಲ್ಲಿ ಹೆಚ್ಚಿನವರು ಅವನ ಅಂಗಡಿಯ ಹುಡುಗಿಯರೇ. ಅವನ ಅಂಗಡಿಯ ಗಾದಿಯ ಮೇಲೆ ಎರಡು ಕಪ್ ಚಹಾದಲ್ಲಿ ಮಾತು ಮುಗಿಯಿತು. ಕಾವ್ಯಾ ಅವರಿಗೆ. ಕ್ಯಾಚರ್ ಧನಶ್ರೀ, ಕವಚಗಳ ತುಂಬಿದ ಚೀಲ, ಮತ್ತು ಇನ್ನೂ ಕಲಿಯುತ್ತಿರುವ ಒಬ್ಬಳು ಎಳೆಯ ಪಿಚರ್ ನಮಗೆ. ಒಂದು ಪೈಸೆ ಖರ್ಚಿಲ್ಲ! ಅಂಗಡಿಯಿಂದ ಇಳಿದು ರಸ್ತೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಆಟೋದವನು ತನ್ನನ್ನೇ ಕರೆದಳೆಂದು ಬಂದು ನಿಂತ.

ಖುಷಿ ಮರುದಿನದವರೆಗೆ ಇತ್ತು. ಬೆಳಿಗ್ಗೆ ಕಾವ್ಯಾಳ ತಾಯಿ ಶರಣಬಸಮ್ಮ ಬಾಗಿಲಲ್ಲಿ ನಿಂತಿದ್ದರು.

"ಏನ್ರಿ ಗೋದಾಬಾಯಾರ, ನನ್ನ ಮಗಳನ್ನ ಮಾರಾಕತ್ತೀರಂತ?"

"ಮಾರೂದಲ್ರೀ, ಕಳಸ್ಲಿಕ್ಕತ್ತೀನಿ."

"ಕಳಸೂದಂದ್ರ ಹಂಗ ಬರಿಗೈಲೆ ಕಳಸ್ತೀರೇನು? ಉಡಿ ತುಂಬ್ರಿ. ಪಂಚಮಿಗೆ ತಿರುಗಿ ಕರಸ್ರಿ. ಇಲ್ಲಂದ್ರ ನಾ ಒಲ್ಲೆ ಅಂದ್ರ ಒಲ್ಲೆ."

ಮದುವೆಯಾಗದ ಹುಡುಗಿಗೆ ಉಡಿ ತುಂಬಬಹುದೇ ಎಂದು ಮೈದಾನದಲ್ಲಿ ಒಂದು ತಾಸು ಚರ್ಚೆ ನಡೆಯಿತು. "ಟೀಮ್ ಬಿಟ್ಟು ಹೊಂಟಾಳಂದ್ರ ಮನಿ ಬಿಟ್ಟಂಗಲ್ಲೇನು?" ಎಂದು ಶರಣಬಸಮ್ಮನವರೇ ತೀರ್ಪು ಕೊಟ್ಟರು. ಕುಪ್ಪಸದ ಕಣ, ಐದು ಬೊಗಸೆ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನಕೊಂಬು. ಜೆರ್ಸಿಗೆ ಸೆರಗಿಲ್ಲವಲ್ಲ, ಒಂದು ದುಪಟ್ಟಾ ಹೊದಿಸಿ ತುಂಬಿದೆವು. ತಾಯಿ ಅತ್ತರು, ಮಗಳು ಅತ್ತಳು, ಬಂದು ಅರ್ಧ ತಾಸೂ ಆಗಿರದ ಧನಶ್ರೀಯೂ ಅತ್ತಳು. ನಾನಂತೂ ಮೂಗು ಒರೆಸಿಕೊಂಡದ್ದೇ ಒರೆಸಿಕೊಂಡದ್ದು. ಕಾವ್ಯಾ ಅವತ್ತು ಸಂಜೆಯ ಬಸ್ಸಿಗೇ ನಾಚಾರಂಗೆ ತನ್ನ ಮನೆಗೆ ಬರುವವಳು ಎಂಬುದು ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ.

ಪಂಚಮಿಗೆ ಕರೆಸುವ ಮಾತನ್ನು ಮಿಲಿಂದನಿಗೆ ಹೇಳಿದಾಗ ಅವನೇನೆಂದ ಗೊತ್ತೇ? "ಶ್ರಾವಣದಾಗ ನಮ್ಮ ಅಂಗಡ್ಯಾಗ ಕಾಲಿಡ್ಲಿಕ್ಕೆ ಜಾಗಾ ಇರೂದಿಲ್ಲ ಮಾವಶಿ. ನಾವು ಆ ಕಪ್ ಆಡೂದ ಇಲ್ಲ. ಕರ್ಕೊಂಡು ಹೋಗ್ರಿ, ಪಂಚಮಿ ಉಂಡಿ ಮಾತ್ರ ಮರೀದ ಕಳಸ್ರಿ." ನಮ್ಮ ಎಳೆಯ ಪಿಚರ್ ಚಳಿಗಾಲದ ಹೊತ್ತಿಗೆ ತಯಾರಾಗುತ್ತಾಳೆ, ಅಲ್ಲಿಯವರೆಗೆ ಶ್ರಾವಣ ಕಪ್ಪಿಗೆ ಕಾವ್ಯಾ ಇದ್ದಾಳೆ. ಕೊಟ್ಟವರಿಗೆ ಸಂತೋಷ, ತಕ್ಕೊಂಡವರಿಗೆ ಸಂತೋಷ, ಹುಡುಗಿಗೆ ಎಲ್ಲರಿಗಿಂತ ಹೆಚ್ಚು ಸಂತೋಷ. ಇಷ್ಟು ಸಂತೋಷವನ್ನು ನೋಡಿ ಒಂದು ಕಚೇರಿ ಸುಮ್ಮನೆ ಕೂಡಬಹುದೇ?

ತಪ್ಪು ನನ್ನದೇ, ಒಪ್ಪುತ್ತೇನೆ. ನಿಮ್ಮ ವರ್ಗಾವಣೆ ಅರ್ಜಿಯನ್ನು ತುಂಬುವಾಗ ಕಾಲಂ ಖಾಲಿ ಬಿಡುವ ಅಭ್ಯಾಸ ನನಗಿಲ್ಲ. "ವರ್ಗಾವಣೆ ಕಾಲದಲ್ಲಿ ಆಟಗಾರರಿಗೆ ನೀಡಿದ ವಸ್ತುಗಳು" ಎಂಬಲ್ಲಿ ಉಡಿಯ ಸಾಮಾನನ್ನೆಲ್ಲ ಬರೆದೆ. "ಷರತ್ತುಗಳು" ಎಂಬಲ್ಲಿ "ಪಂಚಮಿಗೆ ತವರಿಗೆ ಕಳಿಸತಕ್ಕದ್ದು" ಎಂದು ಬರೆದೆ. ಮಿಲಿಂದ ಕೆಳಗೆ ಸಹಿ ಹಾಕಿದ. ನೀವು ತೆಂಗಿನಕಾಯಿಯ ರಸೀದಿ ಕೇಳಿದ್ದೀರಿ. ಸ್ವಾಮಿ, ಅದು ಮರುದಿನವೇ ಚಟ್ನಿಯಾಯಿತು. ಅಕ್ಕಿಯ ತೂಕ ಕೇಳಿದ್ದೀರಿ. ಬೊಗಸೆ ನನ್ನದು, ಬೇಕಾದರೆ ಕಚೇರಿಗೆ ತಂದು ತೋರಿಸುತ್ತೇನೆ, ತೂಗಿಕೊಳ್ಳಿ. ಆದರೆ ಒಮ್ಮೆ ಹೋದ ಆಟಗಾರ್ತಿ ಹಳೆಯ ತಂಡಕ್ಕೆ ನಾಲ್ಕು ದಿನ ಬರಬಾರದೆಂದು ನಿಮ್ಮ ನಿಯಮಾವಳಿಯ ಯಾವ ಪುಟದಲ್ಲಿದೆ? ಮೂರು ಸಲ ಓದಿದೆ, ಬರಬಹುದೆಂದೂ ಇಲ್ಲ, ಬರಬಾರದೆಂದೂ ಇಲ್ಲ. ಇಲ್ಲದ್ದನ್ನೆಲ್ಲ ಬೇಡವೆಂದು ಓದುವ ಕನ್ನಡಕವನ್ನು ನಾನೂ ಮೂವತ್ತೊಂದು ವರ್ಷ ಹಾಕಿಕೊಂಡಿದ್ದೆ. ಅದು ಕಣ್ಣಿಗೆ ಒಳ್ಳೆಯದಲ್ಲ.

ಮೊನ್ನೆ ಸೋಮವಾರ ಕೊನೆಯ ಸಲ ನಿಮ್ಮನ್ನು ಕಾಣಲು ಬಂದೆ. ನೀವಿರಲಿಲ್ಲ. ನಿಮ್ಮ ಗುಮಾಸ್ತ ಬಸು ಪಾಪ ಒಳ್ಳೆಯವನು, ಕುರ್ಚಿ ಕೊಟ್ಟ.

"ನಿಮ್ಮ ಅರ್ಜಿ ವಿಚಾರಣೆ ಪಂಚಮಿ ಆದಮ್ಯಾಲೆ ಇಟ್ಟಾರ್ರಿ ಅಮ್ಮಾರ."

"ಕಪ್ ಇರೂದ ಪಂಚಮಿಗಲ್ಲೋ! ಮುಗದ ಮ್ಯಾಲೆ ವಿಚಾರಣೆ ತೊಗೊಂಡು ಏನ್ ಮಾಡ್ಲಿ?"

"ಸಾಹೇಬ್ರು ರಜಾ ಹಾಕ್ಯಾರ್ರಿ. ತಂಗಿನ್ನ ಪಂಚಮಿಗೆ ಕರ್ಕೊಂಡು ಬರಾಕ ಸೇಡಂಗೆ ಹೊಂಟಾರ. ವರ್ಷಾ ವರ್ಷಾ ಹೋಗ್ತಾರ, ಒಂದ್ ಸಲಾನೂ ತಪ್ಪಿಸಿಲ್ಲ ನೋಡ್ರಿ."

ನಾನು ಆ ಕುರ್ಚಿಯಲ್ಲಿ ಕೂತು ನಕ್ಕ ನಗೆಗೆ ಪಕ್ಕದ ಕೋಣೆಯವರೆಲ್ಲ ಎದ್ದು ಬಂದರು. ಬಸು ನೀರು ತಂದುಕೊಟ್ಟ. ನಿಮ್ಮ ಮೇಲಿದ್ದ ಸಿಟ್ಟೆಲ್ಲ ಅಲ್ಲಿಗೇ ಇಳಿಯಿತು. ತಂಗಿಯನ್ನು ಒಂದು ವರ್ಷವೂ ಮರೆಯದ ಅಣ್ಣ ಕೆಟ್ಟವನಿರಲು ಸಾಧ್ಯವಿಲ್ಲ.

ಆದ್ದರಿಂದ ನನ್ನ ಬೇಡಿಕೆ ಒಂದೇ. ರೈಲು ಹತ್ತುವ ಮೊದಲು ಕಾವ್ಯಾಳ ಅರ್ಜಿಗೆ ಸಹಿ ಹಾಕಿ. ಹಾಕದಿದ್ದರೆ ನಿಮ್ಮ ಟಿಪ್ಪಣಿಯ ಕನ್ನಡ ನಕಲೊಂದನ್ನು ಸೇಡಂಗೆ, ನಿಮ್ಮ ತಂಗಿಯ ಅತ್ತೆಯವರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತೇನೆ. ನೀವು ಬಾಗಿಲಲ್ಲಿ ನಿಂತು "ತಂಗಿನ್ನ ಕಳಸ್ರಿ" ಎಂದಾಗ ಅವರು ಕನ್ನಡಕ ಏರಿಸಿ ನಿಮ್ಮ ವಾಕ್ಯವನ್ನೇ ನಿಮಗೆ ಓದಿ ಹೇಳಲಿ. ಸಹಿ ಹಾಕಿದಿರೋ, ತಂಗಿಯನ್ನೂ ಕರೆದುಕೊಂಡು ಪಂಚಮಿಯ ಬೆಳಿಗ್ಗೆ ಎಂಟಕ್ಕೆ ಮೈದಾನಕ್ಕೆ ಬನ್ನಿ. ಎಳ್ಳುಂಡಿ, ಶೇಂಗಾ ಉಂಡಿ, ಜೋಳದ ಅಳ್ಳು ಎಲ್ಲ ಇರುತ್ತವೆ. ಅವಳನ್ನು ನನ್ನ ಪಕ್ಕದಲ್ಲೇ ಕೂಡಿಸಿಕೊಳ್ಳುತ್ತೇನೆ. ತವರಿಗೆ ಬಂದ ಹುಡುಗಿ ಹೇಗೆ ಚೆಂಡು ಎಸೆಯುತ್ತಾಳೆಂದು ಅವಳೂ ನೋಡಲಿ.

ಇಂತಿ,
ರಸೀದಿಯಿಲ್ಲದ ತೆಂಗಿನಕಾಯಿಯ, ನೋಂದಣಿಯಿಲ್ಲದ ತವರಿನ ಯಜಮಾನಿ,
ಗೋದಾಬಾಯಿ, ತಾರ್ನಾಕ